ಬೇಲಿ ದಾಟಿ ಬಂದ ಕೋಳಿ

ಚಿಕ್ಕನಾಯಕನಹಳ್ಳಿಯ ಕಡೆ ತೋಟ ಮಾಡಿಕೊಂಡಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಳೆದ ತಿಂಗಳು ದೂರವಾಣಿ ಮಾಡಿ, "ಮೇಷ್ಟ್ರೇ, ಯಾರವೋ ಎರಡು ಕೋಳಿ ನಾಲ್ಕು ದಿನದಿಂದ ನಮ್ಮ ಗಿರಿರಾಜ ಕೋಳಿಗಳ ಹತ್ತಿರವೇ ಸುಳಿದಾಡ್ತಿವೆ. ಒಳಗೆ ಬಿಟ್ಕೊಳ್ಳಲೋ, ಓಡಿಸಲೋ?" ಎಂದು ಕೇಳಿದ. ಚರಿತ್ರೆ ಕಲಿಸಿದವನನ್ನು ಕೋಳಿಯ ವಿಷಯ ಕೇಳುವುದೇ ಎಂದು ನಕ್ಕೆನಾದರೂ, ಈ ಪ್ರಶ್ನೆಗೂ ಒಂದು ಚರಿತ್ರೆಯಿದೆ. ಅದರಲ್ಲಿ ನನ್ನ ಪಾಲೂ ಇದೆ.

ಪರರ ಹೊಲಕ್ಕೆ ನುಗ್ಗಿದ ದನವನ್ನು ದೊಡ್ಡಿಗೆ ಹೊಡೆದು ದಂಡ ಕಟ್ಟಿಸುವ ಪದ್ಧತಿ ನಿಮಗೆಲ್ಲ ತಿಳಿದೇ ಇದೆ. ಬ್ರಿಟಿಷರು 1871ರಲ್ಲಿ ಮಾಡಿದ ಕಾಯಿದೆಯು 'ದನ' ಎಂಬ ಶಬ್ದದೊಳಗೆ ಆನೆ, ಒಂಟೆ, ಎಮ್ಮೆ, ಕುದುರೆ, ಕತ್ತೆ, ಹಂದಿ, ಕುರಿ, ಮೇಕೆಗಳನ್ನೆಲ್ಲ ಸೇರಿಸಿಕೊಂಡಿತು. ಕೋಳಿಯ ಹೆಸರಿಲ್ಲ! ನಮ್ಮ ಸೀಮೆಯಲ್ಲಿ ಒಂಟೆಯು ಯಾರ ರಾಗಿ ಹೊಲ ಮೇಯ್ದಿತ್ತೋ ನಾನರಿಯೆ. ಕೋಳಿಯಂತೂ ದಿನವೂ ಯಾರದಾದರೂ ಕಣ ಕೆದಕುತ್ತಿತ್ತು. ಕಾಯಿದೆ ಬಿಟ್ಟದ್ದನ್ನು ಬೀದಿಯ ಹೆಂಗಸರೇ ತೀರ್ಮಾನಿಸಿಕೊಳ್ಳುತ್ತಿದ್ದರು.

ತುರುವೇಕೆರೆ ತಾಲ್ಲೂಕಿನ ನಮ್ಮೂರಿನಲ್ಲಿ ಗುರುತಿಗಾಗಿ ಕೋಳಿಯ ಕಾಲಿಗೆ ಸೀರೆಯಂಚಿನ ಚೂರು ಕಟ್ಟುವರು. ಜಗಳವೆದ್ದರೆ ಹೊತ್ತು ಮುಳುಗುವಾಗ ಕೋಳಿಯನ್ನು ನಡುಬೀದಿಯಲ್ಲಿ ಬಿಡುವರು. ಅದು ಯಾರ ಮನೆಯ ಗೂಡಿಗೆ ಹೋಗುವುದೋ ಅವರದೇ ಕೋಳಿ. ಅಲ್ಲಿಯವರೆಗೆ ಇಟ್ಟ ಮೊಟ್ಟೆ ಮಾತ್ರ ಕಾಳು ಹಾಕಿದವರಿಗೆ. ಎಷ್ಟೋ ನ್ಯಾಯಾಲಯದ ತೀರ್ಪುಗಳಿಗಿಂತ ಇದು ಮೇಲೆಂದು ನನಗೆ ಇಂದಿಗೂ ಅನಿಸುತ್ತದೆ.

1971ರ ಬೇಸಿಗೆ. ನನಗೆ ಹನ್ನೊಂದು ವರ್ಷ. ಒಂದು ಸಂಜೆ ಚುಕ್ಕೆಯ ಯಾಟೆಯೊಂದು ನಮ್ಮ ಹಿತ್ತಿಲ ಬೇಲಿಯ ಮೇಲೆ ಬಂದು ಕುಳಿತಿತು. ಕಾಲಿನಲ್ಲಿ ಚೂರಿಲ್ಲ. ಅವ್ವ ಮೂರು ಬೀದಿಗಳಲ್ಲಿ ಕೂಗಿ ವಿಚಾರಿಸಿ, ಯಾರೂ ಬಾರದಿರಲು, ಅದನ್ನು ದೂರದ ಹುಣಿಸೆಮರದ ಕೆಳಗೆ ಮಂಕರಿ ಬೋರಲು ಹಾಕಿ ಇಟ್ಟಳು. "ನಮ್ಮವುಗಳ ಜೊತೆ ಬಿಡಬೇಡ, ಎಲ್ಲಿಂದ ಬಂದದ್ದೋ" ಎಂದು ಎಚ್ಚರಿಸಿದಳು. ಓದು ಬಾರದ ಆಕೆಗೆ ಅದನ್ನು ಯಾರು ಹೇಳಿದ್ದರೋ! ಅದು ಒಂಟಿಯಾಗಿ ಕೂಗುವುದನ್ನು ಕೇಳಲಾರದೆ ನಾನು ಮರುದಿನವೇ ಮಂಕರಿ ಎತ್ತಿಬಿಟ್ಟೆ. ನಾಯಿ ಉರುಳಿಸಿತೆಂದು ಸುಳ್ಳು ಹೇಳಿದೆ.

ಮೊದಲು ಆ ಯಾಟೆಯೇ ಸತ್ತಿತು. ವಾರದೊಳಗೆ ನಮ್ಮ ಕೋಳಿಗಳು ರೆಕ್ಕೆ ಇಳಿಬಿಟ್ಟು, ಬಾಯಿ ತೆರೆದು ಉಸಿರೆಳೆಯತೊಡಗಿದವು. ಹಸಿರು ಹಿಕ್ಕೆ, ತಿರುಚಿದ ಕತ್ತು. ಹದಿನಾಲ್ಕರಲ್ಲಿ ಉಳಿದದ್ದು ಒಂದೇ ಹೇಂಟೆ. ತೆಂಗಿನ ದುಡ್ಡು ಅಪ್ಪನ ಕೈಗೆ ಹೋಗುತ್ತಿತ್ತು; ಮೊಟ್ಟೆಯ ದುಡ್ಡು ಅವ್ವನದು, ಅದರಲ್ಲೇ ನಮ್ಮ ಪುಸ್ತಕಗಳು. ಅಳಿದುಳಿದವನ್ನು ಸಂತೆಗೆ ಸಾಗಿಸೋಣವೆಂದು ನೆರೆಯವರು ಹೇಳಿದರೂ ಅವ್ವ ಒಪ್ಪದೆ ಎಲ್ಲವನ್ನೂ ಹೂಳಿಸಿದಳು. ಆ ವರ್ಷ ಅಕ್ಕ ಶಾಲೆ ಬಿಟ್ಟಳು. ಬೇರೆ ಕಾರಣಗಳೂ ಇದ್ದವು, ನಿಜ.

ಅದು ನಮ್ಮವರು ಕೊಕ್ಕರೆ ರೋಗವೆನ್ನುವ ರಾಣಿಖೇತ್ ರೋಗವೆಂದು ನಾನು ತಿಳಿದದ್ದು ಮೇಷ್ಟ್ರಾದ ಮೇಲೆ. 1926ರಲ್ಲಿ ಜಾವಾದಲ್ಲೂ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲೂ ಗುರುತಿಸಿದ್ದ ಈ ವ್ಯಾಧಿಗೆ, ಮರುವರ್ಷ ಕುಮಾವೂಂ ಬೆಟ್ಟಗಳ ರಾಣಿಖೇತ್‌ನಲ್ಲಿ ಕಂಡುಬಂದುದರಿಂದ ನಮ್ಮ ದೇಶದಲ್ಲಿ ಆ ಹೆಸರು ನಿಂತಿತು. 1940ರ ದಶಕದಲ್ಲೇ ಮುಕ್ತೇಶ್ವರದ ವಿಜ್ಞಾನಿಗಳು ಇದಕ್ಕೆ ಲಸಿಕೆ ಸಿದ್ಧಪಡಿಸಿದ್ದರು. ನಮ್ಮ ಹಿತ್ತಿಲಿಗೆ ಅದು 1971ರಲ್ಲೂ ತಲುಪಿರಲಿಲ್ಲ. ಆ ಯಾಟೆಯೇ ರೋಗ ತಂದಿತೆಂದು ಪ್ರಮಾಣ ಮಾಡಲಾರೆ. ಸಂತೆಗೆ ಹೋಗಿ ಬಂದವರ ಕಾಲಿನಲ್ಲೂ ಬಂದಿರಬಹುದು. ಮಂಕರಿ ಎತ್ತಿದ್ದು ಮಾತ್ರ ನಾನೇ. ಅವ್ವನಿಗೆ ಕೊನೆಯವರೆಗೂ ಹೇಳಲಿಲ್ಲ.

ವಿದ್ಯಾರ್ಥಿಗೆ ಇಷ್ಟು ಹೇಳಿದೆ: ಅಕ್ಕಪಕ್ಕದವರನ್ನು ವಿಚಾರಿಸು, ಒಡೆಯರು ಸಿಗುವವರೆಗೆ ಬೇರೆಯೇ ಕೂಡು, ಒಂದು ತಿಂಗಳಾದರೂ ಸೇರಿಸಬೇಡ, ನಿನ್ನವಕ್ಕೆ ಮೊದಲು ಕಾಳು ಹಾಕಿ ಅವುಗಳ ಬಳಿ ಆಮೇಲೆ ಹೋಗು, ಚಪ್ಪಲಿ ಬೇರೆ ಇರಲಿ, ಲಸಿಕೆಗೆ ಪಶುವೈದ್ಯರನ್ನು ಕಾಣು. ಈಗ ಹಕ್ಕಿಜ್ವರದ ಭಯವೂ ಸೇರಿದೆ. 2012ರಲ್ಲಿ ಹೆಸರಘಟ್ಟದ ಕೇಂದ್ರ ಸರ್ಕಾರದ ಕೋಳಿಸಾಕಣೆ ಕೇಂದ್ರವನ್ನೇ ಅದು ಬಿಡಲಿಲ್ಲ. ಆದ್ದರಿಂದ ಹಲವು ಕೋಳಿ ಒಟ್ಟಿಗೆ ಸತ್ತರೆ ಕೈಯಿಂದ ಮುಟ್ಟದೆ ಆಸ್ಪತ್ರೆಗೆ ತಿಳಿಸು.

"ತೋಟದ ತುದಿಯ ಹಳೇ ಪಂಪಿನ ಮನೇಲಿ ಕೂಡ್ತೀನಿ ಮೇಷ್ಟ್ರೇ" ಎಂದ. ಮನೆಯಲ್ಲಿ ಮಕ್ಕಳಿದ್ದಾರೆಯೇ ಎಂದು ಕೇಳಿದೆ. ಐದನೆಯ ತರಗತಿಯ ಮಗಳಿದ್ದಾಳಂತೆ. ಹಾಗಾದರೆ ಬೀಗ ಹಾಕಿ, ಬೀಗದ ಕೈ ನೀನೇ ಇಟ್ಟುಕೋ ಎಂದೆ.