ಮಹಾಮಾರಿಯ ಕಾಲದಲ್ಲಿ ರೈತನ ಅನ್ನವೂ ಸ್ವಾತಂತ್ರ್ಯವೂ

ಅರಸರ ಯುದ್ಧಗಳನ್ನೂ ಸಂಧಿಗಳನ್ನೂ ವಿಸ್ತಾರವಾಗಿ ಬರೆದಿಟ್ಟ ಚರಿತ್ರಕಾರರು ಉಳುವವನ ತಟ್ಟೆಯಲ್ಲಿ ಏನಿದ್ದಿತೆಂಬುದನ್ನು ಬರೆದಿಟ್ಟುದು ಅಪರೂಪ. ಆದರೂ ಒಂದು ದೇಶದ ಜನರಿಗೆ ಸ್ವಾತಂತ್ರ್ಯವು ಎಷ್ಟರಮಟ್ಟಿಗೆ ಇದ್ದಿತೆಂಬುದನ್ನು ಅಳೆಯಲು ಆ ತಟ್ಟೆಗಿಂತ ಒಳ್ಳೆಯ ಅಳತೆಯಿಲ್ಲ. ಇದಕ್ಕೆ ಹದಿನಾಲ್ಕನೆಯ ಶತಮಾನದ ಇಂಗ್ಲೆಂಡು ತಕ್ಕ ನಿದರ್ಶನವಾಗಿದೆ.

1348ನೆಯ ಇಸವಿಯಲ್ಲಿ ಆ ದೇಶದ ದಕ್ಷಿಣ ತೀರವನ್ನು ಪ್ಲೇಗು ಮುಟ್ಟಿತು. ಒಂದೂವರೆ ವರ್ಷದೊಳಗಾಗಿ ಪ್ರಜೆಗಳಲ್ಲಿ ಮೂರರಲ್ಲೊಂದು ಪಾಲಿಗೆ ಕಡಮೆಯಿಲ್ಲದೆ, ಪ್ರಾಯಶಃ ಅರ್ಧದಷ್ಟು ಮಂದಿ ಮಡಿದರು. ಅದುವರೆಗೆ ಅಲ್ಲಿನ ಬೇಸಾಯಗಾರರಲ್ಲಿ ಬಹುಮಂದಿ ಒಡೆಯನ ಹೊಲದಲ್ಲಿ ಬಿಟ್ಟಿ ದುಡಿಯುತ್ತ, ಅವನ ಅಪ್ಪಣೆಯಿಲ್ಲದೆ ಊರು ಬಿಡಲಾರದ ಜೀತದ ಒಕ್ಕಲುಗಳಾಗಿದ್ದರು. ಮಾರಿಯು ಹಾದುಹೋದ ಮೇಲೆ ಹೊಲಗಳು ಉಳಿದುವು, ಕೈಗಳು ಉಳಿಯಲಿಲ್ಲ. ಬದುಕಿದವನು ಹೆಚ್ಚು ಕೂಲಿಯನ್ನು ಕೇಳಿದನು. ಕೊಡದಿದ್ದರೆ ಪಕ್ಕದ ಊರಿಗೆ ನಡೆದನು.

ಒಡೆಯರು ಸುಮ್ಮನಿರಲಿಲ್ಲ. 1349ರಲ್ಲಿ ಮೂರನೆಯ ಎಡ್ವರ್ಡ್ ದೊರೆಯ ಆಜ್ಞೆಯೂ, 1351ರಲ್ಲಿ ಪಾರ್ಲಿಮೆಂಟಿನ ಕಾನೂನೂ ಹೊರಟು, ಕೂಲಿಯನ್ನು ಮಾರಿಗೆ ಮುಂಚಿನ ದರಕ್ಕೇ ಕಟ್ಟಿಹಾಕಿದುವು. ಸ್ವಂತ ಭೂಮಿಯಾಗಲಿ ಕಸುಬಾಗಲಿ ಇಲ್ಲದ, 60 ವರ್ಷದೊಳಗಿನ ದೃಢಕಾಯರಾದ ಗಂಡಸರೂ ಹೆಂಗಸರೂ ಕರೆದವರ ಕೆಲಸಕ್ಕೆ ಹೋಗತಕ್ಕದ್ದು. ಅವಧಿಗೆ ಮುಂಚೆ ಬಿಟ್ಟುಹೋದರೆ ಸೆರೆಮನೆ. ಪೈರು ಕೊಯ್ಯುವವನಿಗೆ ಆಗಸ್ಟಿನ ಮೊದಲ ವಾರದಲ್ಲಿ ದಿನಕ್ಕೆ 2 ಪೆನ್ನಿ, ಎರಡನೆಯ ವಾರದಲ್ಲಿ 3 ಪೆನ್ನಿ. ಅದರ ಮೇಲೆ ಅನ್ನಪಾನಗಳನ್ನು ಕೇಳಕೂಡದು. ದುಡಿಯಬಲ್ಲ ಭಿಕ್ಷುಕನಿಗೆ ಭಿಕ್ಷೆಯಿಕ್ಕಿದವನಿಗೂ ಸೆರೆಯೇ! ಅನ್ನದಾನವನ್ನು ಮಹಾಪುಣ್ಯವೆಂದು ಎಣಿಸುವ ನಮಗೆ ಈ ವಿಧಿಯು ವಿಚಿತ್ರವಾಗಿ ತೋರಬಹುದು. ಆದರೆ ಅದನ್ನು ಮಾಡಿದವರು ಮರ್ಮವನ್ನು ಬಲ್ಲವರೇ ಆಗಿದ್ದರು. ಹಸಿದವನು ಚೌಕಾಸಿ ಮಾಡಲಾರನು. ಬೇರೊಂದೆಡೆ ತುತ್ತು ದೊರೆತರೆ ಅವನು ಒಲ್ಲೆನೆಂದಾನು.

1381ರಲ್ಲಿ ತಲೆಗಂದಾಯದ ನೆವದಿಂದ ರೈತರು ದಂಗೆಯೆದ್ದು, ವಾಟ್ ಟೈಲರನ ನಾಯಕತ್ವದಲ್ಲಿ ಲಂಡನ್ನಿಗೆ ನುಗ್ಗಿದರು. ಹದಿನಾಲ್ಕು ವರ್ಷದ ಬಾಲಕನಾಗಿದ್ದ ಎರಡನೆಯ ರಿಚರ್ಡ್ ದೊರೆಯು ಜೀತವನ್ನು ತೆಗೆದುಹಾಕುವೆನೆಂದು ಮಾತುಕೊಟ್ಟನು. ಮರುದಿನವೇ ಟೈಲರನು ಹತನಾದನು. ಮುಂದಿನ ತಿಂಗಳೇ ಆ ಮಾತು ರದ್ದಾಯಿತು. ಆದರೂ ಕೈಗಳ ಕೊರತೆಯನ್ನು ಯಾವ ಕಾನೂನೂ ತುಂಬಲಾರದೆ ಹೋದುದರಿಂದ ಸುಮಾರು ಒಂದು ಶತಮಾನದೊಳಗೆ ಜೀತವು ತಾನಾಗಿ ಸವೆಯಿತು. ನಾರ್ಫೋಕ್ ಪ್ರಾಂತದ ಸೆಡ್ಜ್‌ಫರ್ಡ್ ಎಂಬ ಹಳ್ಳಿಯ ಹಳೆಯ ಲೆಕ್ಕದ ಪತ್ರಗಳು ಇದಕ್ಕೆ ಸಾಕ್ಷಿ. ಮೊದಲು ಕೊಯ್ಲಿನವರಿಗೆ ಬಾರ್ಲಿಯ ರೊಟ್ಟಿಯೇ ಮುಖ್ಯವಾಗಿದ್ದಲ್ಲಿ, ಹದಿನೈದನೆಯ ಶತಮಾನಕ್ಕೆ ಗೋಧಿಯ ರೊಟ್ಟಿಯೂ ಧಾರಾಳವಾದ ಮಾಂಸವೂ ಬಂದಿದ್ದುವು.

ಹಾಗೆಂದು ಮಾರಿಯೇ ಸ್ವಾತಂತ್ರ್ಯವನ್ನು ಕೊಟ್ಟಿತೆನ್ನಲಾಗದು. ಯೂರೋಪಿನಲ್ಲಿಯೇ ಎಲ್ಬೆ ನದಿಯ ಪೂರ್ವಕ್ಕೆ, ಮುಂದಿನ ಶತಮಾನಗಳಲ್ಲಿ ರೈತನ ಸಂಕೋಲೆಯು ಬಿಗಿಯಾಗುತ್ತ ಬಂದಿತು. ಅಲ್ಲಿ ಅವನು ಹೊರಡುವ ದಾರಿಯನ್ನು ಮುಚ್ಚುವ ಬಲವು ಒಡೆಯರಿಗಿದ್ದಿತು.

ಇದೆಲ್ಲ ಪರದೇಶದ ಹಳೆಯ ಕಥೆಯೆಂದು ನಾವು ಪುಸ್ತಕವನ್ನು ಮುಚ್ಚುವಂತಿಲ್ಲ. 2020ರ ಮಾರ್ಚಿಯಲ್ಲಿ ಕೋವಿಡ್ ಮಾರಿಯನ್ನು ತಡೆಯಲು ದೇಶವನ್ನೆಲ್ಲ ಮುಚ್ಚಿದಾಗ, ಕೂಲಿಗಾಗಿ ಬೆಂಗಳೂರಿಗೆ ಬಂದಿದ್ದ ಉತ್ತರದ ರಾಜ್ಯಗಳ ಕೆಲಸಗಾರರು ಕೂಲಿಯೂ ಇಲ್ಲದೆ ದಾರಿಯೂ ಇಲ್ಲದೆ ನಿಂತರು. ಅವರಲ್ಲಿ ಎಷ್ಟೋ ಮಂದಿ ಸಣ್ಣ ರೈತರ ಮಕ್ಕಳು. ಮೇ ತಿಂಗಳಲ್ಲಿ ಅವರನ್ನು ಊರಿಗೆ ಮುಟ್ಟಿಸಲು ರೈಲುಗಳು ಏರ್ಪಟ್ಟುವು. 5ನೆಯ ತಾರೀಖು ಕಟ್ಟಡದ ಉದ್ಯಮಿಗಳು ಸರಕಾರವನ್ನು ಕಂಡರು. ಮರುದಿನದಿಂದ ರೈಲುಗಳು ನಿಂತುವು. ಜನರ ಆಕ್ಷೇಪಣೆಯು ಎದ್ದಮೇಲೆ 8ನೆಯ ತಾರೀಖಿನಿಂದ ಮತ್ತೆ ಹೊರಟುವು. ಎರಡು ದಿನಗಳ ಮಾತೇ ಸರಿ. ಆದರೆ ಆರುನೂರೆಪ್ಪತ್ತು ವರ್ಷಗಳ ಹಿಂದಿನ ಕಾನೂನಿನ ಬುದ್ಧಿಯೇ ಅದರಲ್ಲಿಯೂ ಇದ್ದಿತು.

ಮಹಾಮಾರಿಯ ಕಾಲದಲ್ಲಿ ನಿರ್ಬಂಧವು ಬೇಕಾಗಬಹುದು. ಆದರೆ ಅದನ್ನು ವಿಧಿಸುವವರು ನಿರ್ಬಂಧಕ್ಕೊಳಗಾದವನ ತಟ್ಟೆಯನ್ನು ಮೊದಲು ನೋಡತಕ್ಕದ್ದು. ಮನೆಯಲ್ಲಿ ಅನ್ನವಿದ್ದವನಿಗೆ ಅದು ವ್ರತ, ಇಲ್ಲದವನಿಗೆ ಸೆರೆ.