ಹಾಕಿ ಕ್ರೀಡೆಯಲ್ಲಿ ನಿವೃತ್ತರ ಪುನರಾಗಮನ

ಆಟದಿಂದ ನಿವೃತ್ತನಾದೆನೆಂದು ಬಹಿರಂಗವಾಗಿ ಸಾರಿದ ಹಾಕಿ ಆಟಗಾರನು ಕೆಲಕಾಲದ ಮೇಲೆ ದೇಶದ ತಂಡಕ್ಕಾಗಲಿ ಸಂಭಾವನೆಯುಳ್ಳ ಲೀಗ್ ಪಂದ್ಯಗಳಿಗಾಗಲಿ ಮರಳಿ ಬರುವುದಕ್ಕೆ ಪುನರಾಗಮನವೆಂದು ಹೆಸರು. ಆಯ್ಕೆದಾರರು ಕೈಬಿಟ್ಟವನು ಮತ್ತೆ ಸ್ಥಾನ ಪಡೆಯುವುದು ಇದಕ್ಕಿಂತ ಭಿನ್ನವಾದುದು. 1998ರ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದಲ್ಲಿ 32 ವರ್ಷಗಳ ತರುವಾಯ ಭಾರತಕ್ಕೆ ಚಿನ್ನ ದೊರಕಿಸಿಕೊಟ್ಟ ನಾಯಕ ಧನರಾಜ್ ಪಿಳ್ಳೈ, ಅದೇ ಪಂದ್ಯಾವಳಿಯ ಗೋಲ್‌ಕೀಪರ್ ಆಶಿಶ್ ಬಲ್ಲಾಳ್ ಮೊದಲಾದವರು ಗೆಲುವಿನ ಬೆನ್ನಿಗೇ ತಂಡದಿಂದ ಹೊರಗುಳಿಯಬೇಕಾದುದೂ, ಪಿಳ್ಳೈ ಮತ್ತೆ ಒಳಬಂದು 2000 ಮತ್ತು 2004ರ ಒಲಿಂಪಿಕ್ಸ್‌ಗಳಲ್ಲಿ ಆಡಿದುದೂ ಈ ಎರಡನೆಯ ಬಗೆಗೆ ಸೇರಿದ ಸಂಗತಿಗಳು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸಲ್ಲದು. ಏಕೆಂದರೆ ಕೈಬಿಡಲ್ಪಟ್ಟವನು ಅಭ್ಯಾಸವನ್ನು ಬಿಟ್ಟಿರುವುದಿಲ್ಲ, ನಿವೃತ್ತನಾದರೋ ಮನಸ್ಸನ್ನೇ ಬೇರೆಡೆಗೆ ತಿರುಗಿಸಿಕೊಂಡಿರುತ್ತಾನೆ.

ನಿವೃತ್ತಿಯ ಮಾತನ್ನು ಹಿಂದೆಗೆದುಕೊಳ್ಳುವುದಕ್ಕೆ ಆಟದ ನಿಯಮಗಳಲ್ಲಿ ಅಡ್ಡಿಯೇನೂ ಇಲ್ಲ. ಆದರೆ ವಿಶ್ವ ಉದ್ದೀಪನ ಮದ್ದು ತಡೆ ಘಟಕದ ನಿಯಮದಂತೆ, ಪರೀಕ್ಷಾ ಪಟ್ಟಿಯಲ್ಲಿದ್ದು ನಿವೃತ್ತರಾದವರು ಮರಳಿ ಸ್ಪರ್ಧಿಸಬೇಕಾದರೆ ಆರು ತಿಂಗಳು ಮುಂಚಿತವಾಗಿ ಲಿಖಿತ ಸೂಚನೆಯನ್ನಿತ್ತು, ಆ ಅವಧಿಯಲ್ಲಿ ಪರೀಕ್ಷೆಗೆ ಒಳಪಡಲು ಸಿದ್ಧರಿರತಕ್ಕದ್ದು.

ಭಾರತದ ಮಟ್ಟಿಗೆ ಈ ಚರಿತ್ರೆಯ ಮೊದಲ ಮುಖ್ಯ ಪ್ರಸಂಗವು ಧ್ಯಾನ್‌ಚಂದರದು. 1936ರ ಬರ್ಲಿನ್ ಒಲಿಂಪಿಕ್ಸ್ ಆದಮೇಲೆ ಮಹಾಯುದ್ಧದ ದೆಸೆಯಿಂದ ಎರಡು ಒಲಿಂಪಿಕ್ಸ್‌ಗಳು ನಡೆಯದೆ ಹೋಗಿ, ಅವರ ಆಟದ ಪ್ರಾಯವೂ ಬಹುಮಟ್ಟಿಗೆ ಸಂದುಹೋಗಿತ್ತು. ಆ ವೇಳೆಗೆ ಪೂರ್ವ ಆಫ್ರಿಕದಲ್ಲಿ ನೆಲೆಸಿದ್ದ ಏಷ್ಯನ್ನರ ಕ್ರೀಡಾಸಂಘವು ಭಾರತದಿಂದ ಒಂದು ತಂಡವನ್ನು ಆಹ್ವಾನಿಸುತ್ತ, ಧ್ಯಾನ್‌ಚಂದರು ಅದರಲ್ಲಿ ಇರಲೇಬೇಕೆಂದು ಕೇಳಿಕೊಂಡಿತು. 42ರ ವಯಸ್ಸಿನಲ್ಲಿ, 1947-48ರ ಆ ಪ್ರವಾಸದಲ್ಲಿ, ಅವರು 22 ಪಂದ್ಯಗಳನ್ನಾಡಿ 61 ಗೋಲುಗಳನ್ನು ಬಾರಿಸಿದರು. ಹಾಗೆಂದು 1948ರ ಲಂಡನ್ ಒಲಿಂಪಿಕ್ಸ್‌ಗೆ ಅವರು ಹೋಗಲಿಲ್ಲ. ತಮ್ಮಿಂದ ಯಾವುದು ಸಾಧ್ಯ, ಯಾವುದು ಇನ್ನು ಕಿರಿಯರಿಗೆ ಬಿಟ್ಟುಕೊಡತಕ್ಕದ್ದು ಎಂಬ ವಿವೇಕವು ಅವರಲ್ಲಿ ಕೊನೆಯವರೆಗೂ ಉಳಿದಿತ್ತು.

ಅನಂತರದ ಅರ್ಧ ಶತಮಾನದಲ್ಲಿ ವೃತ್ತಿಪರ ಪುನರಾಗಮನವೆಂಬ ಪ್ರಶ್ನೆಯೇ ಭಾರತದಲ್ಲಿ ಹೆಚ್ಚಾಗಿ ಏಳಲಿಲ್ಲ. ಆಟಗಾರನ ಜೀವನವು ರೈಲ್ವೆ, ಬ್ಯಾಂಕು, ಸೇನೆ, ತೈಲ ಕಂಪನಿಗಳ ನೌಕರಿಯನ್ನು ಅವಲಂಬಿಸಿತ್ತು. ಕೋಲನ್ನು ಕೆಳಗಿಟ್ಟವನು ಕಚೇರಿಯ ಮೇಜಿಗೆ ಮರಳುತ್ತಿದ್ದನೇ ಹೊರತು ಅವನನ್ನು ಮತ್ತೆ ಮೈದಾನಕ್ಕೆ ಕರೆಯುವ ಹಣವೂ ಇರಲಿಲ್ಲ, ಲೀಗೂ ಇರಲಿಲ್ಲ. 2005ರಲ್ಲಿ ಪ್ರೀಮಿಯರ್ ಹಾಕಿ ಲೀಗ್, 2012ರಲ್ಲಿ ವರ್ಲ್ಡ್ ಸೀರೀಸ್ ಹಾಕಿ, 2013ರಲ್ಲಿ ಹಾಕಿ ಇಂಡಿಯಾ ಲೀಗ್ ಒಂದರ ಹಿಂದೊಂದು ಹುಟ್ಟಿಕೊಂಡ ಮೇಲೆ ಈ ಸ್ಥಿತಿ ಬದಲಾಯಿತು. ವರ್ಲ್ಡ್ ಸೀರೀಸ್‌ನಲ್ಲಿ ಕರ್ನಾಟಕ ಲಯನ್ಸ್ ತಂಡದ ಪರವಾಗಿ ಧನರಾಜ್ ಪಿಳ್ಳೈ ತಮ್ಮ 43ನೆಯ ವಯಸ್ಸಿನಲ್ಲಿ ಮತ್ತೆ ಕೋಲು ಹಿಡಿದರು; ಸೋಮವಾರಪೇಟೆಯ ಅರ್ಜುನ್ ಹಾಲಪ್ಪನವರಂಥ ಒಲಿಂಪಿಯನ್ನರೂ ಅದೇ ತಂಡದಲ್ಲಿದ್ದರು. ಅಂತರರಾಷ್ಟ್ರೀಯ ಹಾಕಿಯನ್ನು ಬಿಟ್ಟು ಎಂಟು ವರ್ಷಗಳಾಗುತ್ತ ಬಂದಿದ್ದವರೊಬ್ಬರು ತಮಗಿಂತ ಒಂದು ತಲೆಮಾರು ಕಿರಿಯರ ನಡುವೆ ಓಡಿದುದನ್ನು ಕೇವಲ ಪ್ರದರ್ಶನವೆಂದು ಬದಿಗೆ ಸರಿಸುವುದು ಅನ್ಯಾಯ. ಆದರೆ ಹಾಕಿ ಇಂಡಿಯಾದ ಮನ್ನಣೆ ಪಡೆಯದ ಆ ಲೀಗು ಮೊದಲ ಆವೃತ್ತಿಗೇ ಮುಗಿದುಹೋದುದರಿಂದ, ಅಲ್ಲಿ ತೆರೆದ ಬಾಗಿಲು ಯಾರನ್ನೂ ಬಹುದೂರ ಕರೆದೊಯ್ಯಲಿಲ್ಲ.

ಕರ್ನಾಟಕದ ಆಟಗಾರನೊಬ್ಬನು ನಿವೃತ್ತಿಯಿಂದ ದೇಶದ ತಂಡಕ್ಕೇ ಮರಳಿದ ಸ್ಪಷ್ಟವಾದ ನಿದರ್ಶನವೆಂದರೆ ಎಸ್. ವಿ. ಸುನೀಲ್ ಅವರದು. ಕೊಡಗಿನ ಸೋಮವಾರಪೇಟೆಯಲ್ಲಿ 1989ರಲ್ಲಿ ಜನಿಸಿದ ಸುನೀಲ್ 2007ರ ಚೆನ್ನೈ ಏಷ್ಯಾ ಕಪ್‌ನಲ್ಲಿ ಮೊದಲ ಬಾರಿ ಭಾರತದ ಪರ ಆಡಿ ಅಲ್ಲಿಯೇ ಚಿನ್ನ ಪಡೆದರು. ಲಂಡನ್ ಮತ್ತು ರಿಯೊ ಒಲಿಂಪಿಕ್ಸ್‌ಗಳು, 2014ರ ಇಂಚಿಯಾನ್ ಏಷ್ಯನ್ ಕ್ರೀಡಾಕೂಟದ ಚಿನ್ನ, 2017ರ ಅರ್ಜುನ ಪ್ರಶಸ್ತಿ, 264 ಪಂದ್ಯಗಳಲ್ಲಿ 72 ಗೋಲು: ಇಷ್ಟನ್ನು ಗಳಿಸಿದ ಬಳಿಕ ಟೋಕಿಯೊ ಒಲಿಂಪಿಕ್ಸ್ ತಂಡದಲ್ಲಿ ಅವರಿಗೆ ಸ್ಥಾನ ಸಿಗಲಿಲ್ಲ. ಭಾರತವು ಜರ್ಮನಿಯನ್ನು 5-4ರಿಂದ ಸೋಲಿಸಿ 41 ವರ್ಷಗಳ ಮೇಲೆ ಒಲಿಂಪಿಕ್ಸ್ ಪದಕ ಪಡೆದಾಗ ಅವರು ಅದರ ಹೊರಗಿದ್ದರು. 2021ರ ಅಕ್ಟೋಬರ್ 1ರಂದು ಅವರು ನಿವೃತ್ತಿ ಘೋಷಿಸಿದರು. ಅದರ ಹಿಂದಿನ ದಿನವಷ್ಟೇ ಟೋಕಿಯೊದಲ್ಲಿ ಆಡಿದ್ದ ರೂಪಿಂದರ್ ಪಾಲ್ ಸಿಂಗ್ ಮತ್ತು ಬೀರೇಂದ್ರ ಲಾಕ್ರಾ ಕೂಡ ವಿದಾಯ ಹೇಳಿದ್ದರು.

ಮುಂದಿನ ಮೇ ತಿಂಗಳಲ್ಲಿ ಜಕಾರ್ತದಲ್ಲಿ ಏಷ್ಯಾ ಕಪ್ ನಡೆಯುವುದಿದ್ದಿತು. ಹಿರಿಯರ ಪ್ರಧಾನ ತಂಡವನ್ನು ಬೇರೆ ಪಂದ್ಯಾವಳಿಗಳಿಗೆ ಮೀಸಲಿಟ್ಟು, ಬಹುಪಾಲು ಹೊಸಬರನ್ನೇ ಅಲ್ಲಿಗೆ ಕಳುಹಿಸಲು ಹಾಕಿ ಇಂಡಿಯಾ ನಿಶ್ಚಯಿಸಿದಾಗ, ಆ ಎಳೆಯ ತಂಡಕ್ಕೆ ಆಧಾರವಾಗಿ ಈ ಮೂವರು ನಿವೃತ್ತರನ್ನೂ ಮತ್ತೆ ಕರೆಯಲಾಯಿತು. ರೂಪಿಂದರ್ ನಾಯಕರೆಂದು ಹೆಸರಾಗಿಯೂ ಮಣಿಕಟ್ಟಿನ ಗಾಯದಿಂದ ದೂರ ಉಳಿದರು. ಲಾಕ್ರಾ ನಾಯಕರೂ ಸುನೀಲ್ ಉಪನಾಯಕರೂ ಆದರು. ತರಬೇತುದಾರರಾಗಿದ್ದವರು ಸುನೀಲರೊಡನೆ ವರ್ಷಗಟ್ಟಲೆ ಆಡಿದ್ದ ಸರ್ದಾರ್ ಸಿಂಗ್. ಶೇಷೇಗೌಡ, ಆಭರಣ್ ಸುದೇವ್ ಮೊದಲಾದ ಕನ್ನಡ ನಾಡಿನ ಯುವಕರು ತಮ್ಮ ನಾಡಿನ ಹಿರಿಯನ ಪಕ್ಕದಲ್ಲಿ ಆಡುವ ಅವಕಾಶ ಪಡೆದರು.

ಪಾಕಿಸ್ತಾನದ ವಿರುದ್ಧ 1-1ರ ಸಮಬಲ, ಜಪಾನಿನ ಎದುರು 2-5ರ ಸೋಲು. ಸೂಪರ್ 4 ಹಂತವನ್ನು ಮುಟ್ಟಬೇಕಾದರೆ ಇಂಡೊನೇಷ್ಯವನ್ನು ಕನಿಷ್ಠ 15 ಗೋಲುಗಳ ಅಂತರದಿಂದ ಸೋಲಿಸಲೇಬೇಕಾದ ವಿಷಮ ಸ್ಥಿತಿ ಒದಗಿತು. ಭಾರತ ಗೆದ್ದುದು 16-0ರಿಂದ; ಗೋಲು ಹೊಡೆದವರಲ್ಲಿ ಸುನೀಲರೂ ಒಬ್ಬರು. ದಕ್ಷಿಣ ಕೊರಿಯದೊಡನೆ 4-4ರಿಂದ ಸಮಬಲ ಸಾಧಿಸಿ, ಗೋಲುಗಳ ಅಂತರದಿಂದಾಗಿ ಫೈನಲ್ ತಪ್ಪಿಸಿಕೊಂಡ ತಂಡವು ಜೂನ್ 1ರಂದು ಜಪಾನನ್ನು 1-0ರಿಂದ ಮಣಿಸಿ ಕಂಚಿನ ಪದಕ ಪಡೆಯಿತು. ಈ ಪುನರಾಗಮನವನ್ನು ಸಫಲವೆಂದೇ ಎಣಿಸಬೇಕು. ಕಳೆದುಕೊಂಡ ಸ್ಥಾನವನ್ನು ಮರಳಿ ವಶಪಡಿಸಿಕೊಳ್ಳುವುದಕ್ಕಾಗಿ ಅಲ್ಲ, ಇನ್ನೂ ಕಾಲೂರಿರದ ಕಿರಿಯರ ನಡುವೆ ಅನುಭವಿಯೊಬ್ಬನು ಇರಬೇಕೆಂಬ ಕಾರಣಕ್ಕಾಗಿ 33ರ ವಯಸ್ಸಿನ ಮುನ್ಪಡೆ ಆಟಗಾರ ಬಂದಿದ್ದರು. ಬಂದ ಕೆಲಸ ನೆರವೇರಿತು.

ಪುನರಾಗಮನವು ಯಾರಿಗೆ ಸುಲಭ, ಯಾರಿಗೆ ದುಸ್ಸಾಧ್ಯ ಎಂಬುದನ್ನು ನಿರ್ಣಯಿಸುವುದರಲ್ಲಿ ವಯಸ್ಸಿಗಿಂತ ಆಟಗಾರನು ನಿಲ್ಲುವ ಜಾಗಕ್ಕೆ ಹೆಚ್ಚಿನ ಪಾಲುಂಟು. ಪೆನಾಲ್ಟಿ ಕಾರ್ನರ್ ಸಂದರ್ಭದಲ್ಲಿ ಮೈದಾನದ ಹಿಂಗೆರೆಯಿಂದ ತಳ್ಳಿದ ಚೆಂಡನ್ನು ವೃತ್ತದ ನೆತ್ತಿಯಲ್ಲಿ ಒಬ್ಬನು ತಡೆದು ನಿಲ್ಲಿಸುತ್ತಾನೆ. ಹಿಂದಿನಿಂದ ಓಡಿಬಂದವನು ಮೈ ಬಾಗಿಸಿ, ಚೆಂಡನ್ನು ಕೋಲಿನ ಬಾಗಿಗೆ ಸಿಕ್ಕಿಸಿಕೊಂಡು ನೆಲದ ಮೇಲೆ ಎಳೆದು, ಸೊಂಟದ ತಿರುವಿನ ಬಲದಿಂದ ಗೋಲಿನತ್ತ ಎಸೆಯುತ್ತಾನೆ. ಹೊಡೆದ ಮೊದಲ ಚೆಂಡು 46 ಸೆಂಟಿಮೀಟರ್ ಹಲಗೆಯ ಎತ್ತರವನ್ನು ಮೀರಿ ಗೋಲಿನೊಳಕ್ಕೆ ಹೋಗಕೂಡದೆಂಬ ನಿಯಮವು ಈ ಎಸೆತಕ್ಕೆ ಅನ್ವಯಿಸದಾದುದರಿಂದಲೇ ಡ್ರ್ಯಾಗ್ ಫ್ಲಿಕ್ ಇಷ್ಟು ಮಾರಕವಾಗಿದೆ. ಈ ಒಂದು ವಿದ್ಯೆಯನ್ನು ಉಳಿಸಿಕೊಂಡವನಿಗೆ ವರ್ಷಗಳ ವಿರಾಮ ಅಷ್ಟಾಗಿ ಬಾಧಿಸದು. ಪಾಕಿಸ್ತಾನದ ಸೊಹೈಲ್ ಅಬ್ಬಾಸ್ 2004ರ ಕೊನೆಗೆ ನಿವೃತ್ತರಾಗಿ 2006ರ ವಿಶ್ವಕಪ್‌ಗೆ ಮರಳಿದರು; ಮತ್ತೆ ದೂರ ಸರಿದು ಮತ್ತೆ ಬಂದು 2010ರ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಪಡೆದು, 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ತಂಡದ ನಾಯಕರೇ ಆದರು. ಅವರ 348 ಗೋಲುಗಳಲ್ಲಿ ಬಹುಪಾಲು ಪೆನಾಲ್ಟಿ ಕಾರ್ನರ್‌ಗಳಿಂದ ಬಂದವು. ಸುನೀಲರ ಬಂಡವಾಳವಾದರೋ ವೇಗ. ಬಲಬದಿಯ ಗೆರೆಯ ಗುಂಟ ರಕ್ಷಕನನ್ನು ಹಿಂದಿಕ್ಕಿ ಓಡುವ ಆ ವೇಗವು ಮಾಂಸಖಂಡಗಳಿಂದ ಮೊದಲು ಕಳಚಿಕೊಳ್ಳುವಂಥದು. ಆದಕಾರಣ ಅವರ ಮರಳಿಕೆ ಹೆಚ್ಚು ಕಠಿಣವೂ ಹೆಚ್ಚು ಗೌರವಾರ್ಹವೂ ಆದುದು.

ಆಟದ ಸ್ವರೂಪ ಬದಲಾದುದೂ ಇಲ್ಲಿ ಗಣನೆಗೆ ಬರುತ್ತದೆ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಿಂದ ಕೃತಕ ಹಾಸು ಬಂದು ಓಟದ ಭಾರ ಹೆಚ್ಚಿತು. 1990ರ ದಶಕದಲ್ಲಿ ಆಟಗಾರರನ್ನು ಎಷ್ಟು ಸಲವಾದರೂ ಬದಲಿಸುವ ಅನುಮತಿಯೂ, 2014ರಲ್ಲಿ 15 ನಿಮಿಷಗಳ ನಾಲ್ಕು ಭಾಗಗಳ ಕ್ರಮವೂ ಬಂದು ದಣಿದ ಕಾಲಿಗೆ ತುಸು ವಿಶ್ರಾಂತಿ ಒದಗಿತು. ಮಂಜುಗಡ್ಡೆಯ ಮೇಲಾಡುವ ಹಾಕಿಯಲ್ಲಿ ಕೆನಡದ ಮಾರಿಯೊ ಲೆಮ್ಯೂ 1997ರಲ್ಲಿ ನಿವೃತ್ತರಾಗಿ, 2000ದ ಡಿಸೆಂಬರಿನಲ್ಲಿ ಮರಳಿ, 2002ರಲ್ಲಿ ಒಲಿಂಪಿಕ್ಸ್ ಚಿನ್ನ ಗೆಲ್ಲುವುದಕ್ಕೆ, ಅರೆಗಳಿಗೆಗೊಮ್ಮೆ ಆಟಗಾರರು ಬದಲಾಗುವ ಆ ಆಟದ ಪದ್ಧತಿಯೂ ಒತ್ತಾಸೆಯಾಗಿದ್ದಿರಬೇಕು.

ಆಯ್ಕೆದಾರರ ಕರೆಗಾಗಿ ಕಾಯದೆಯೇ ನಿವೃತ್ತರು ಮತ್ತೆ ಆಡುವ ಕ್ಷೇತ್ರವೊಂದು ಕೊಡಗಿನಲ್ಲಿದೆ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡ ಗ್ರಾಮದಲ್ಲಿ ಆರಂಭಿಸಿದ ಕೊಡವ ಕೌಟುಂಬಿಕ ಹಾಕಿ ಉತ್ಸವದಲ್ಲಿ ಒಂದೊಂದು ಒಕ್ಕವೂ, ಅಂದರೆ ಮನೆತನವೂ, ಒಂದೊಂದು ತಂಡ. ದೇಶಕ್ಕಾಗಿ ಆಡಿದವರೂ ಕೋಲು ಹಿಡಿಯಲು ಈಗಷ್ಟೇ ಕಲಿತ ಬಾಲಕರೂ, ಹೆಂಗಸರೂ, ಅಜ್ಜಂದಿರೂ ಮನೆತನದ ಹೆಸರಿನಡಿ ಒಂದೇ ತಂಡದಲ್ಲಿ ಆಡುತ್ತಾರೆ. 2018ರ ಭೂಕುಸಿತದಿಂದಲೂ ಅನಂತರದ ಕೋವಿಡ್‌ನಿಂದಲೂ ನಾಲ್ಕು ವರ್ಷ ನಿಂತಿದ್ದ ಉತ್ಸವವು 2023ರಲ್ಲಿ ಮತ್ತೆ ನಡೆಯಿತು. ಮರುವರ್ಷ ನಾಪೋಕ್ಲುವಿನ ಕುಂಡ್ಯೋಳಂಡ ಕಪ್‌ನಲ್ಲಿ 360 ಕುಟುಂಬಗಳ ತಂಡಗಳು ಪಾಲ್ಗೊಂಡವು.