ತೆರೆಯ ಹಿಂದಿನ ಅರಸು

ಬಯಲಾಟದ ಅರಸನು ನೋಟಕರಿಗೆ ಒಮ್ಮೆಗೇ ಇಡಿಯಾಗಿ ದೊರೆಯುವವನಲ್ಲ. ಇಬ್ಬರು ಎಳೆದು ಹಿಡಿದ ತೆರೆಯ ಮೇಲಂಚಿನಲ್ಲಿ ಮೊದಲು ಕಿರೀಟದ ತುದಿ, ಆಮೇಲೆ ಆ ಅಂಚನ್ನು ಮೆಲ್ಲನೆ ಕೆಳಗೊತ್ತುವ ಬೆರಳುಗಳು, ಕೆಳಗಡೆ ಗೆಜ್ಜೆ ಕಟ್ಟಿದ ಪಾದಗಳು ಗೋಚರಿಸುತ್ತವೆ. ಮುಖವೂ ಎದೆಯೂ ಚೆಂಡೆಯ ಎಷ್ಟೋ ಮುಕ್ತಾಯಗಳು ಕಳೆಯುವವರೆಗೆ ಗುಪ್ತವಾಗಿಯೇ ಉಳಿಯುತ್ತವೆ. ಪುತ್ತೂರು, ಸುಳ್ಯ, ಕಡಬಗಳ ಈ ತೆಂಕುತಿಟ್ಟಿನ ಸೀಮೆಯಲ್ಲಿ ಹುಟ್ಟಿ ಬೆಳೆದ ನನ್ನಂಥವರು ಪ್ರಭುತ್ವವೆಂಬುದರ ಪ್ರಥಮ ಪಾಠವನ್ನು ಕಲಿತದ್ದು ಶಾಲೆಯ ಚರಿತ್ರೆಯ ಪುಸ್ತಕದಿಂದಲ್ಲ. ಕೊಯ್ಲು ಮುಗಿದ ಗದ್ದೆಯಲ್ಲಿ, ಚಾಪೆಯ ಮೇಲೆ, ಅಜ್ಜಿಯ ಮಗ್ಗುಲಲ್ಲಿ ಕುಳಿತು, ಆ ತೆರೆ ಯಾವಾಗ ಸರಿದೀತೆಂದು ಕಾಯುತ್ತ. ಕಾಯಿಸಬಲ್ಲವನು ದೊರೆ, ಕಾಯತಕ್ಕವರು ಪ್ರಜೆಗಳು ಎಂಬಷ್ಟು ಆಗಲೇ ತಿಳಿದಿತ್ತು.

ಬಣ್ಣದ ವೇಷದ ವಿಷಯದಲ್ಲಂತೂ ಈ ಕಾಯಿಸುವಿಕೆ ಒಂದು ಶಾಸ್ತ್ರವೇ ಆಗಿ ಪರಿಣಮಿಸಿದೆ. ಚೌಕಿಯಲ್ಲಿ, ದೀಪದ ಮುಂದೆ ಕಾಲು ಮಡಚಿ ಕುಳಿತ ವೇಷಧಾರಿಯು ಅಕ್ಕಿಹಿಟ್ಟು ಸುಣ್ಣಗಳ ಕಲಕವನ್ನು ಕಡ್ಡಿಯ ತುದಿಯಿಂದ ತೆಗೆದು, ಸ್ವಂತ ಮುಖದ ಮೇಲೆ ಚುಕ್ಕಿಯ ಮೇಲೆ ಚುಕ್ಕಿಯಾಗಿ ಚುಟ್ಟಿಯಿಡುತ್ತ, ಒಂದು ಸಾಲು ಒಣಗಿದ ಮೇಲೆ ಮತ್ತೊಂದು ಸಾಲಿಗೆ ಕೈಹಾಕುತ್ತ, ತಾಸುಗಟ್ಟಲೆ ಮಾತಿಲ್ಲದೆ ಕುಳಿತಿರುವುದನ್ನು ಬಾಲ್ಯದಲ್ಲಿ ಕನಾತಿನ ಸಂದಿಯಿಂದ ಇಣಿಕಿ ನೋಡಿದ್ದೇನೆ. ಆ ಮುಖಕ್ಕೆ ತಕ್ಕ ತಡ್ಪೆಕಿರೀಟವನ್ನು ಬಿಗಿದುಕೊಂಡು ಅವನು ಹೊರಡುವ ಹೊತ್ತಿಗೆ ನಡುರಾತ್ರಿ ಎಂದೋ ಮೀರಿರುತ್ತದೆ. ಬರುವುದೂ ಎದುರಿನಿಂದಲ್ಲ, ಸಭೆಯ ಬೆನ್ನ ಹಿಂದಿನಿಂದ. ಮೊದಲು ಎಲ್ಲಿಯೋ ಕತ್ತಲಲ್ಲಿ ಒಂದು ಆರ್ಭಟೆ. ತೂಕಡಿಸುತ್ತಿದ್ದವರ ಕತ್ತುಗಳು ಅತ್ತ ತಿರುಗುತ್ತವೆ. ಅಲ್ಲಿ ಏನೂ ಕಾಣದು. ಬಳಿಕ ಸೂಟೆಗಳ ಬೆಳಕು, ಅದಕ್ಕೆ ಎರಚಿದ ರಾಳದ ಹುಡಿಯಿಂದ ಭಗ್ಗನೆದ್ದ ಜ್ವಾಲೆ, ಆ ಜ್ವಾಲೆಯಲ್ಲಿ ಕ್ಷಣಮಾತ್ರ ಹೊಳೆದು ಅಡಗಿದ ಮುಖ. ಅಷ್ಟು ಹೊತ್ತಿಗೆ ನಾನು ಅಜ್ಜಿಯ ಸೆರಗಿನೊಳಗಿರುತ್ತಿದ್ದೆ. ವಿಚಾರಿಸಿ ನೋಡಿದರೆ, ಆ ದೈತ್ಯನು ಇನ್ನೂ ಯಾರನ್ನೂ ಕೊಂದಿಲ್ಲ, ಒಂದು ಶಬ್ದವನ್ನೂ ಆಡಿಲ್ಲ, ರಂಗಸ್ಥಳವನ್ನೇ ಮುಟ್ಟಿಲ್ಲ.

ಇಷ್ಟು ಸಂಭ್ರಮದ ಒಡ್ಡೋಲಗದಿಂದ ಬಂದವನು ಕೂರುವುದೆಲ್ಲಿ? ಒಂದು ಮರದ ಪೀಠದ ಮೇಲೆ. ಅದಕ್ಕೆ ರಥವೆಂದು ಹೆಸರು. ಗಾಲಿಯಿಲ್ಲ, ಕುದುರೆಯಿಲ್ಲ, ಬೇಕಾದಾಗ ಅದೇ ಸಿಂಹಾಸನ, ಅದೇ ಪರ್ವತ. ಚಿನ್ನದ ಕಾಗದವನ್ನು ಅಂಟಿಸಿದ ಸಿಂಹಾಸನಗಳು ಕಂಪೆನಿ ನಾಟಕಗಳಲ್ಲಿ ಧಾರಾಳವಾಗಿದ್ದವು; ಅವನ್ನು ಕಂಡು ನನಗೆ ಎಂದೂ ಭಯವಾದುದಿಲ್ಲವೆಂಬುದನ್ನು ಇಲ್ಲಿ ಹೇಳಿಬಿಡುವುದು ನ್ಯಾಯ.

ಆ ರಥದ ನಿಜವಾದ ಪರೀಕ್ಷೆ ‘ಕೃಷ್ಣಸಂಧಾನ’ ಪ್ರಸಂಗದಲ್ಲಿ. ರಾಜಕಾರಣದ ಕಥೆಯೆಂದರೆ ಇದಕ್ಕಿಂತ ಮಿಗಿಲಾದುದು ನಮ್ಮಲ್ಲಿಲ್ಲ: ಐದು ಗ್ರಾಮಗಳ ಬೇಡಿಕೆ, ರಾಯಭಾರ, ಯುದ್ಧ ಆಗಿಯೇ ಆಗುವುದೆಂದು ತಿಳಿದೂ ನಡೆಯುವ ಸಂಧಿಯ ಮಾತು. ಕೃಷ್ಣನು ಬಂದಾಗ ಸಭೆಯಲ್ಲಿ ಯಾರೂ ಏಳಕೂಡದೆಂದು ಕೌರವನು ಕಟ್ಟಪ್ಪಣೆ ಮಾಡಿ, ತಾನೂ ಏಳದೆ ಕುಳಿತಿರುತ್ತಾನೆ. ಕೃಷ್ಣನು ಕಾಲಿನ ಹೆಬ್ಬೆರಳಿನಿಂದ ನೆಲವನ್ನೊತ್ತುತ್ತಾನೆ. ಪೀಠದಿಂದುರುಳಿದ ಚಕ್ರವರ್ತಿ ದೂತನ ಪಾದದ ಬಳಿ ಬಿದ್ದಿರುತ್ತಾನೆ. ಆಟದಲ್ಲಿ ಇದು ಸುಲಭ. ತಾಳಮದ್ದಳೆಯಲ್ಲಿ ಹೇಗೆ? ಅಲ್ಲಿ ಕಿರೀಟವಿಲ್ಲ, ರಥವಿಲ್ಲ, ಕುಣಿತವಿಲ್ಲ. ಭಾಗವತ, ಮದ್ದಳೆ, ಎದುರುಬದುರಾಗಿ ಕುಳಿತ ಅರ್ಥಧಾರಿಗಳು, ಪಕ್ಕದಲ್ಲಿ ವೀಳ್ಯದ ತಟ್ಟೆ. ಆಟಿಯ ಮಳೆ ಮಾಡಿನ ಮೇಲೆ ಸುರಿಯುತ್ತಿದ್ದ ಒಂದು ರಾತ್ರಿ, ಸುಳ್ಯದ ಕಡೆಯ ಮನೆಯೊಂದರ ಚಾವಡಿಯಲ್ಲಿ, ಅದುವರೆಗೆ ಬಿಗುಮಾನದಿಂದ ವಾಕ್ಯದ ಮೇಲೆ ವಾಕ್ಯವನ್ನು ಕಟ್ಟುತ್ತಿದ್ದ ಕೌರವನ ಅರ್ಥಧಾರಿಯು ಪೀಠದಿಂದುರುಳುವ ಪದ್ಯವಾದೊಡನೆ ಬಾಯ್ದೆರೆದು, ಮಾತನ್ನು ಅರ್ಧಕ್ಕೆ ಬಿಟ್ಟು, ಸುಮ್ಮನೆ ತನ್ನ ಶಾಲನ್ನು ಹೆಗಲಿಗೆ ಸರಿಪಡಿಸಿಕೊಂಡನು. ಅಷ್ಟೇ. ಚಾವಡಿಯಲ್ಲಿದ್ದ ಒಬ್ಬೊಬ್ಬರಿಗೂ ಚಕ್ರವರ್ತಿ ಬಿದ್ದದ್ದು ಕಂಡಿತು.

ಈ ಮಾತಿನ ಕಲೆಯನ್ನು ಉನ್ನತಿಗೇರಿಸಿದವರಲ್ಲಿ ಒಬ್ಬರಾದ ದೇರಾಜೆ ಸೀತಾರಾಮಯ್ಯನವರು ಸುಳ್ಯದ ಚೊಕ್ಕಾಡಿಯವರು. ಪ್ರತಿಪಕ್ಷದ ಪಾತ್ರಕ್ಕೂ ವಾದಿಸುವ ಹಕ್ಕಿದೆಯೆಂದು ತಮ್ಮ ವಾಲಿ ಮಾಗಧ ರಾವಣರಿಂದ ಸಾಧಿಸಿ ತೋರಿಸಿದ ಶೇಣಿ ಗೋಪಾಲಕೃಷ್ಣ ಭಟ್ಟರ ತರ್ಕಪ್ರವಾಹ ಒಂದು ಬಗೆಯದಾದರೆ, ದೇರಾಜೆಯವರದು ಮಿತವಾದ, ಧ್ವನಿಯನ್ನು ಅವಲಂಬಿಸಿದ ಮತ್ತೊಂದು ಬಗೆ. ಅವರ ‘ಕುರುಕ್ಷೇತ್ರಕ್ಕೊಂದು ಆಯೋಗ’ ಎಂಬ ಕೃತಿ ಮಹಾಭಾರತದ ಯುದ್ಧವನ್ನೇ ವಿಚಾರಣಾ ಆಯೋಗದ ಮುಂದೆ ತಂದು ನಿಲ್ಲಿಸುತ್ತದೆ. ಅರಸರು ಪೀಠದಿಂದಿಳಿದು ಸಾಕ್ಷಿಯ ಕಟಕಟೆಗೆ ಬಂದು ನಿಲ್ಲುವ ಈ ಕಲ್ಪನೆ, ಸಂಧಾನದ ರಾತ್ರಿಗಳನ್ನು ಕುಳಿತು ಕಳೆದವನಿಗೆ ಮಾತ್ರ ಹೊಳೆಯತಕ್ಕದ್ದೆಂದು ನನ್ನ ಭಾವನೆ. ಅತ್ತ ಪುತ್ತೂರಿನ ಬಾಲವನದಲ್ಲಿ ದಶಕಗಳ ಕಾಲ ನೆಲಸಿ, ‘ಯಕ್ಷಗಾನ ಬಯಲಾಟ’ವೆಂಬ ಗ್ರಂಥಕ್ಕೆ 1959ರ ಸಾಹಿತ್ಯ ಅಕಾಡೆಮಿಯ ಪುರಸ್ಕಾರವನ್ನು ಪಡೆದ ಶಿವರಾಮ ಕಾರಂತರು ಮುಂದೆ ತಮ್ಮ ಪ್ರಯೋಗಗಳಲ್ಲಿ ಮಾತನ್ನೇ ತೆಗೆದುಹಾಕಿ ದೇಹಕ್ಕೂ ರಾಗಕ್ಕೂ ಸರ್ವಸ್ವವನ್ನು ಒಪ್ಪಿಸಿದರು. ಕಾರಂತರ ಮೇಲಣ ಗೌರವ ಎಳ್ಳಷ್ಟೂ ಕುಂದದೆ ಹೇಳುತ್ತೇನೆ: ಕೌರವನ ವಿಷಯದಲ್ಲಿ ನಾನು ಚೊಕ್ಕಾಡಿಯ ಪಕ್ಷ.

ಇದೇ ನೆಲದಲ್ಲಿ, ರಂಗಸ್ಥಳದ ಹೊರಗೆ, ಒಮ್ಮೆ ಒಬ್ಬ ಅರಸನ ಪ್ರವೇಶವಾಯಿತು. 1834ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯು ಕೊಡಗಿನ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ, ಆ ಸಂಸ್ಥಾನಕ್ಕೆ ಸೇರಿದ್ದ ಅಮರ, ಸುಳ್ಯ ಮೊದಲಾದ ಮಾಗಣೆಗಳನ್ನು ಕೆನರಾ ಜಿಲ್ಲೆಗೆ ಕೂಡಿಸಿ, ಭತ್ತದ ರೂಪದಲ್ಲಿ ತೆರುತ್ತಿದ್ದ ಕಂದಾಯವನ್ನು ನಗದಾಗಿ ತೆರಬೇಕೆಂದು ವಿಧಿಸಿದಾಗ, ನಾಣ್ಯವನ್ನು ಕಾಣುವುದೇ ಅಪರೂಪವಾಗಿದ್ದ ರೈತರು ಸಾಲ ಕೊಡುವವನ ಮನೆಯ ಮೆಟ್ಟಿಲು ಹತ್ತಬೇಕಾಯಿತು. ಅಸಮಾಧಾನವಿತ್ತು, ಸುಳ್ಯದ ಕೆದಂಬಾಡಿ ರಾಮಯ್ಯಗೌಡರಂಥ ನಾಯಕರಿದ್ದರು, ಕೊಡಗಿನಿಂದ ಗುಡ್ಡೆಮನೆ ಅಪ್ಪಯ್ಯಗೌಡರಂಥವರ ಬೆಂಬಲವಿತ್ತು. ಇಲ್ಲದಿದ್ದದ್ದು ಅರಸ. ಕೊಡಗಿನ ರಾಜವಂಶದವನೆಂದು ಹೇಳಿಕೊಂಡಿದ್ದ ಕಲ್ಯಾಣಸ್ವಾಮಿಯು ಆಗಲೇ ಸೆರೆಯಾಗಿದ್ದುದರಿಂದ, ಶನಿವಾರಸಂತೆಯ ಕಡೆಯ ಪುಟ್ಟಬಸಪ್ಪನೆಂಬ ಬೇಸಾಯಗಾರನು ಆ ಹೆಸರನ್ನು ಧರಿಸಿದನು. ಧರಿಸಿದನೆಂಬ ಮಾತನ್ನು ವೇಷದವರು ಹೇಳುವ ಅರ್ಥದಲ್ಲಿಯೇ ಬಳಸಿದ್ದೇನೆ.

1837ರ ಮಾರ್ಚ್ 30ರಂದು ಸುಳ್ಯದ ಪೂಮಲೆಯಿಂದ ಹೊರಟ ದಂಡು ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡು, ಪುತ್ತೂರನ್ನು ಹಾದು, ಏಪ್ರಿಲ್ 5ರಂದು ಮಂಗಳೂರನ್ನು ಮುಟ್ಟಿತು. ಜನ ಕೂಡಿದ್ದು ಮದುವೆಯ ನೆವದಿಂದ ಎಂದು ನಮ್ಮ ಕಡೆಯ ಪ್ರತೀತಿ. ಉಬರಡ್ಕದ ಒಂದು ಗದ್ದೆಗೆ ಇಂದಿಗೂ ಮದುವೆಗದ್ದೆಯೆಂದೇ ಹೆಸರು. ದಾರಿಯುದ್ದಕ್ಕೂ ದಂಡು ಬೆಳೆಯುತ್ತ ಹೋಯಿತಲ್ಲ, ಅದನ್ನು ಬೆಳೆಸಿದ್ದು ಕತ್ತಿ ಕೋವಿಗಳಿಗಿಂತ ಮಿಗಿಲಾಗಿ ಅರಸನು ಬರುತ್ತಿದ್ದಾನೆಂಬ ಸುದ್ದಿಯೇ ಇರಬೇಕೆಂದು ನನಗೆ ತೋರುತ್ತದೆ. ಕತ್ತಲಲ್ಲಿ ಆರ್ಭಟೆಯನ್ನು ಕೇಳಿ ಕತ್ತು ತಿರುಗಿಸಿ ಕಾದು ಕುಳಿತು ಅಭ್ಯಾಸವಾದ ಜನ ಅವರು. ಮಂಗಳೂರಿನ ಗುಡ್ಡದ ಮೇಲೆ ಬಾವುಟವೇರಿತು, ಬಾವುಟಗುಡ್ಡೆಯೆಂಬ ಹೆಸರು ಉಳಿಯಿತು. ರಾಜ್ಯಭಾರ ಸುಮಾರು 13 ದಿವಸ ನಡೆಯಿತು. ಹೊರಗಿನಿಂದ ಸೈನ್ಯ ಬಂದ ಮೇಲೆ ಕಂಪೆನಿಯು ತನ್ನ ಒಡ್ಡೋಲಗವನ್ನು ತಾನೂ ಮಾಡಿ ತೋರಿಸಿತು: ಪುಟ್ಟಬಸಪ್ಪ ಮೊದಲಾದವರಿಗೆ ಮಂಗಳೂರಿನಲ್ಲಿ ನೇಣು, ಅದೇ ವರ್ಷದ ಅಕ್ಟೋಬರ್ 31ರಂದು ಅಪ್ಪಯ್ಯಗೌಡರಿಗೆ ಮಡಿಕೇರಿಯಲ್ಲಿ, ಜನರ ಕಣ್ಣೆದುರಿಗೇ.

ಒಂದೇ ಪ್ರಸಂಗಕ್ಕೆ ಎರಡು ಹೆಸರುಗಳಾದವು. ಗೆದ್ದವರ ಕಡೆಯಿಂದ ಹಬ್ಬಿದ್ದು, ಕಲ್ಯಾಣಸ್ವಾಮಿಯನ್ನು ಕಲ್ಯಾಣಪ್ಪನೆಂದು ಕರೆದು, ‘ಕಲ್ಯಾಣಪ್ಪನ ಕಾಟಕಾಯಿ’, ಲೂಟಿಯವರ ದಾಂಧಲೆ ಎಂಬ ಅರ್ಥದಲ್ಲಿ. ‘ಅಮರ ಸುಳ್ಯದ ಸಂಗ್ರಾಮ’ವೆಂಬುದು ಬಹುಕಾಲದ ಮೇಲೆ ಬಂದದ್ದು. ಇಂದು ಕಡಬ ತಾಲೂಕಿಗೆ ಸೇರಿದ ಕುಲ್ಕುಂದದಲ್ಲಿ ಹುಟ್ಟಿದ ನಿರಂಜನರು ‘ಕಲ್ಯಾಣಸ್ವಾಮಿ’ ಎಂಬ ಕಾದಂಬರಿಯನ್ನು ಬರೆದರು. 2022ರಲ್ಲಿ ಬಾವುಟಗುಡ್ಡೆಯಲ್ಲಿ ರಾಮಯ್ಯಗೌಡರ ಪ್ರತಿಮೆ ಎದ್ದಿತು. ನನ್ನ ಅಜ್ಜಿ ಮಾತ್ರ ಕೊನೆಯವರೆಗೂ ಕಾಟಕಾಯಿಯೆಂದೇ ಅನ್ನುತ್ತಿದ್ದಳು, ಆದರೆ ಕಲ್ಯಾಣಪ್ಪನ ಹೆಸರೆತ್ತಿದಾಗ ಅವಳ ಸ್ವರ ತಗ್ಗುತ್ತಿತ್ತು. ಆಟ ನೋಡಿ ಬರುವ ಬೆಳಗಿನ ಜಾವ, ಗದ್ದೆಯ ಹುಣಿಯ ಮೇಲೆ ನಡೆಯುತ್ತ, ಅವನಿಗೆ ಕಿರೀಟವಿತ್ತೇ ಎಂದು ಒಮ್ಮೆ ಕೇಳಿದ್ದೆ.

“ಇಲ್ಲದೆ ಮತ್ತೆ?” ಎಂದಳು. “ಕಿರೀಟ ಇಲ್ಲದವನ ಹಿಂದೆ ಅಷ್ಟು ಜನ ಹೋಗ್ತಾರಾ ಮಗಾ?”